ಮ್ಯಾಗ್ನಂ ತೋಟಾದ ‘ಬೆಲ್ಟ್’ ನಿಜಕ್ಕೂ ಬಲ ಕೊಡುತ್ತದೆಯೇ? ಖಾಲಿ ಕೇಸ್ ಮರುಬಳಸುವವರು ಎಡವುವುದು ಎಲ್ಲಿ?

ಹಿತ್ತಾಳೆಯ ಉದ್ದನೆಯ ತೋಟಾ. ಬುಡದ ಹತ್ತಿರ ಸುತ್ತಲೂ ಉಂಗುರದಂತೆ ಒಂದು ಪಟ್ಟಿ. ‘ಈ ಬೆಲ್ಟ್ ಇರುವುದರಿಂದಲೇ ಮ್ಯಾಗ್ನಂ ತೋಟಾ ಅಷ್ಟು ಒತ್ತಡ ತಡೆದುಕೊಳ್ಳುತ್ತದೆ. ಬೆಲ್ಟ್ ಇದ್ದರೆ ಕೇಸ್ ಒಡೆಯುವುದಿಲ್ಲ, ಎಷ್ಟು ಸಲ ಬೇಕಾದರೂ ಮತ್ತೆ ತುಂಬಬಹುದು.’ ಬಂದೂಕಿನ ಬಗ್ಗೆ ಮಾತಾಡುವ ಕಿರು ವಿಡಿಯೋಗಳಲ್ಲಿ, ಚಿತ್ರಗಳ ಕೆಳಗಿನ ವಿವರಣೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಇದು ಇವತ್ತಿನ ಮಾತಲ್ಲ. ಅಮೆರಿಕದ ಬೇಟೆಗಾರರ ನಡುವೆ ದಶಕಗಳಿಂದ ಓಡಾಡುತ್ತಿರುವ ನಂಬಿಕೆ.

ಕೇಳಲು ತರ್ಕಬದ್ಧವಾಗಿಯೇ ಇದೆ. ಮರದ ಪೀಪಾಯಿಗೆ ಕಬ್ಬಿಣದ ಪಟ್ಟಿ ಹೊಡೆದರೆ ಗಟ್ಟಿಯಾಗುತ್ತದೆ, ಎತ್ತಿನ ಗಾಡಿಯ ಚಕ್ರಕ್ಕೂ ಪಟ್ಟಿ ಬೇಕು. ಹಾಗಾದರೆ ತೋಟಾದ ಪಟ್ಟಿಯೂ ಬಲಕ್ಕೇ ಇರಬೇಕಲ್ಲವೇ? ಅಲ್ಲ. ಈ ತಪ್ಪು ತಿಳಿವಳಿಕೆ ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿಯೂ ಉಳಿಯುವುದಿಲ್ಲ. ಖಾಲಿ ಕೇಸನ್ನು ಮತ್ತೆ ತುಂಬಿ ಬಳಸುವವರು ಇದನ್ನು ನಂಬಿ ಕೆಲಸ ಮಾಡಿದರೆ ಕೇಸ್ ಎರಡು ತುಂಡಾಗಿ, ಬಿಸಿ ಅನಿಲ ಮುಖದ ಕಡೆಗೆ ನುಗ್ಗಬಹುದು.

ಒಂದೇ ನೋಟದಲ್ಲಿ

• ಹೇಳಿಕೆ: ಬೆಲ್ಟ್ ಇರುವ ತೋಟಾ ಹೆಚ್ಚು ಗಟ್ಟಿ. ವಾಸ್ತವ: ತಪ್ಪು. ಬೆಲ್ಟ್ ಹುಟ್ಟಿದ್ದು ತೋಟಾ ಚೇಂಬರ್‌ನೊಳಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸಲು.

• ಹೇಳಿಕೆ: ಮ್ಯಾಗ್ನಂ ಎಂದರೆ ಬೆಲ್ಟ್ ಇರುವ ತೋಟಾ. ವಾಸ್ತವ: ತಪ್ಪು. ಬೆಲ್ಟ್ ಇಲ್ಲದ ಮ್ಯಾಗ್ನಂಗಳು ಬೇಕಾದಷ್ಟಿವೆ.

• ಹೇಳಿಕೆ: ಬೆಲ್ಟ್ ಇದ್ದರೆ ಕೇಸ್ ಹೆಚ್ಚು ಬಾಳುತ್ತದೆ. ವಾಸ್ತವ: ತಪ್ಪು ದಾರಿಗೆ ಎಳೆಯುವ ಮಾತು. ಮರುಬಳಕೆಯಲ್ಲಿ ಬೆಲ್ಟನ್ನೇ ನಂಬಿದರೆ ಕೇಸ್ ಬೇಗ ಸೀಳುತ್ತದೆ.

• ಹೇಳಿಕೆ: ಬೆಲ್ಟ್ ಬರೀ ಅಲಂಕಾರ, ಪೂರ್ತಿ ವ್ಯರ್ಥ. ವಾಸ್ತವ: ಇದೂ ಅರ್ಧಸತ್ಯ. ಕೆಲವು ತೋಟಾಗಳಿಗೆ ಅದು ಇಂದಿಗೂ ಅಗತ್ಯ.

ಮೊದಲು, ಹಿತ್ತಾಳೆ ಕೇಸ್ ಮಾಡುವ ಕೆಲಸವೇನು?

ತೋಟಾ ಅಥವಾ ಕಾಡತೂಸಿನಲ್ಲಿ ನಾಲ್ಕು ಭಾಗಗಳು. ಮುಂದೆ ಹಾರಿ ಹೋಗುವ ಗುಂಡು, ಒಳಗೆ ಉರಿಯುವ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಮತ್ತು ಈ ಮೂರನ್ನೂ ಹಿಡಿದಿಡುವ ಹಿತ್ತಾಳೆಯ ಕೇಸ್. ಗುಂಡು ಹಾರಿದ ಮೇಲೆ ಕೇಸ್ ಮಾತ್ರ ಖಾಲಿಯಾಗಿ ಹೊರಬೀಳುತ್ತದೆ.

ಕೇಸ್ ಎಂದರೆ ಬರೀ ಡಬ್ಬಿ ಎಂದು ಬಹಳಷ್ಟು ಜನ ಭಾವಿಸುತ್ತಾರೆ. ಅದರ ಮುಖ್ಯ ಕೆಲಸ ಬೇರೆಯೇ ಇದೆ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಒತ್ತಡವನ್ನು ನಿಜವಾಗಿ ತಡೆಯುವುದು ಕುಕ್ಕರಿನ ದಪ್ಪ ಪಾತ್ರೆ ಮತ್ತು ಮುಚ್ಚಳ. ಗ್ಯಾಸ್ಕೆಟ್ ಮಾಡುವುದು ಸಂದಿಯನ್ನು ಮುಚ್ಚುವ ಕೆಲಸ. ಹಿತ್ತಾಳೆ ಕೇಸ್ ಕೂಡ ಹಾಗೆಯೇ. ಮದ್ದು ಉರಿದ ಕ್ಷಣದಲ್ಲಿ ಅದು ಹಿಗ್ಗಿ ಚೇಂಬರ್‌ನ ಉಕ್ಕಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅನಿಲ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ. ಒತ್ತಡ ಇಳಿದಾಗ ತುಸು ಕುಗ್ಗಿ ಗೋಡೆ ಬಿಡುತ್ತದೆ, ಹಾಗಾಗಿ ಹೊರಗೆ ಎಳೆಯಲು ಬರುತ್ತದೆ. ಒತ್ತಡ ಹೊರುವುದು ಸುತ್ತಲಿನ ಉಕ್ಕಿನ ಚೇಂಬರ್ ಮತ್ತು ಹಿಂದಿನಿಂದ ಒತ್ತಿ ಹಿಡಿದಿರುವ ಬೋಲ್ಟ್.

ಆ ಒತ್ತಡ ಎಷ್ಟು? ಮನೆಯ ಕುಕ್ಕರಿನಲ್ಲಿ ಸುಮಾರು 15 ಪಿಎಸ್‌ಐ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಎಂಬ ತೋಟಾಗೆ ಅಮೆರಿಕದ ತಯಾರಕರ ಮಾನದಂಡ ಸಂಸ್ಥೆಯಾದ ಎಸ್‌ಎಎಎಂಐ ನಿಗದಿ ಮಾಡಿರುವ ಗರಿಷ್ಠ ಮಿತಿ 61,000 ಪಿಎಸ್‌ಐ. ಅಂದರೆ ಕುಕ್ಕರಿಗಿಂತ ನಾಲ್ಕು ಸಾವಿರ ಪಟ್ಟು. ಗ್ಯಾಸ್ಕೆಟ್ ಎಲ್ಲಿ ಸೀಳಿದರೂ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಕೇಸ್ ಎಲ್ಲ ಕಡೆಯೂ ಒಂದೇ ದಪ್ಪ ಇರುವುದಿಲ್ಲ ಎಂಬುದೂ ಗೊತ್ತಿರಬೇಕು. ಬುಡ ಗಟ್ಟಿ ಹಿತ್ತಾಳೆಯ ದಿಂಡು. ಮೇಲಕ್ಕೆ ಹೋದಂತೆ ಗೋಡೆ ತೆಳುವಾಗುತ್ತದೆ. ಬಾಟಲಿಯಂತೆ ಮೇಲೆ ಓರೆಯಾಗಿ ಒಳಬಾಗುವ ಜಾಗಕ್ಕೆ ‘ಭುಜ’ ಎನ್ನುತ್ತಾರೆ, ಅದರ ಮೇಲಿನ ಕಿರಿದಾದ ಭಾಗ ‘ಕತ್ತು’. ಮುಂದಿನ ಮಾತೆಲ್ಲ ನಿಂತಿರುವುದು ಬುಡ, ಬೆಲ್ಟ್, ಭುಜ ಈ ಮೂರರ ಮೇಲೆ.

ತೋಟಾ ಒಳಗೆ ಎಲ್ಲಿ ನಿಲ್ಲುತ್ತದೆ?

ಚೇಂಬರ್‌ಗೆ ತಳ್ಳಿದ ತೋಟಾ ಎಲ್ಲೋ ಒಂದು ಕಡೆ ತಡೆದು ನಿಲ್ಲಲೇಬೇಕು. ತುಂಬಾ ಒಳಗೆ ಹೋದರೆ ಹಿಂದೆ ಬೋಲ್ಟ್‌ಗೂ ಕೇಸಿಗೂ ನಡುವೆ ಸಂದಿ ಉಳಿಯುತ್ತದೆ. ನಿಲ್ಲುವ ಆ ಜಾಗದಿಂದ ಬೋಲ್ಟ್‌ನ ಮುಖದವರೆಗಿನ ಅಳತೆಗೆ ‘ಹೆಡ್‌ಸ್ಪೇಸ್’ ಎಂದು ಹೆಸರು.

ಇದಕ್ಕಿರುವ ವ್ಯವಸ್ಥೆಗಳಲ್ಲಿ ಮೂರು ಬಗೆ ಇಲ್ಲಿ ಮುಖ್ಯ.

ಒಂದು, ಅಂಚು. ನಮ್ಮಲ್ಲಿ ಲೈಸೆನ್ಸ್ ಇರುವ ಕೃಷಿಕರ ಬಳಿ ಕಾಣುವ 12 ಬೋರ್ ಕೋವಿಯ ತೋಟಾ ಹೀಗಿರುತ್ತದೆ. ಬುಡದಲ್ಲಿ ಹೊರಚಾಚಿದ ಅಂಚು ಚೇಂಬರ್‌ನ ಬಾಯಿಗೆ ತಾಗಿ ನಿಲ್ಲುತ್ತದೆ. ಕುಡಿಕೆಯ ಕಂಠ ರಂಧ್ರದ ಮೇಲೆ ಕೂತು, ಉಳಿದ ಭಾಗ ಕೆಳಗೆ ಇಳಿದ ಹಾಗೆ. ಭಾರತದ .315 ಸ್ಪೋರ್ಟಿಂಗ್ ರೈಫಲ್‌ನ ತೋಟಾ ಕೂಡ ಅಂಚಿನದೇ.

ಎರಡು, ಭುಜ. 1906ರ .30-06, 1925ರ .270 ವಿಂಚೆಸ್ಟರ್, 1952ರ .308 ವಿಂಚೆಸ್ಟರ್ ಇಂಥವು. ಕೇಸಿನ ಓರೆ ಭುಜ ಚೇಂಬರ್‌ನ ಓರೆ ಭುಜಕ್ಕೆ ತಾಗಿ ನಿಲ್ಲುತ್ತದೆ. ಹೊರಚಾಚಿದ ಅಂಚಿಲ್ಲ, ಬೆಲ್ಟ್ ಕೂಡ ಇಲ್ಲ.

ಮೂರು, ಬೆಲ್ಟ್. ಬುಡದ ಮೇಲಿನ ಉಂಗುರದ ಮುಂಚಾಚು ಚೇಂಬರ್‌ನಲ್ಲಿ ಕೊರೆದ ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ. ಕೇಸಿನ ಹಿಂಬದಿಯಿಂದ ಆ ಚಾಚಿಗೆ ಸುಮಾರು 5.6 ಮಿಲಿಮೀಟರ್ ದೂರ. ಬೆಲ್ಟ್ ಪಕ್ಕದ ಗೋಡೆಗಿಂತ ಹೊರಕ್ಕೆ ಚಾಚಿರುವುದು ಒಂದೊಂದು ಬದಿಗೆ ಕಾಲು ಮಿಲಿಮೀಟರ್ ಮಾತ್ರ.

ಅಂದರೆ ಅಂಚು, ಭುಜ, ಬೆಲ್ಟ್ ಮೂರೂ ಬಾಗಿಲ ಹಿಂದಿನ ‘ಡೋರ್ ಸ್ಟಾಪರ್’ ಮಾಡುವ ಕೆಲಸವನ್ನೇ ಮಾಡುತ್ತವೆ. ಸ್ಟಾಪರ್ ಹಾಕಿದ ಮಾತ್ರಕ್ಕೆ ಬಾಗಿಲಿನ ಮರ ಗಟ್ಟಿಯಾಗುವುದಿಲ್ಲ.

ಹಾಗಾದರೆ ಬೆಲ್ಟ್ ಬಂದಿದ್ದೇಕೆ?

ಬೆಲ್ಟ್ ಅನ್ನು ಹೆಸರಾಗಿಸಿದ್ದು ಲಂಡನ್ನಿನ ಬಂದೂಕು ತಯಾರಕರಾದ ಹಾಲೆಂಡ್ ಆ್ಯಂಡ್ ಹಾಲೆಂಡ್. 1905ರಲ್ಲಿ ಒಂದು ಬೆಲ್ಟ್ ತೋಟಾ ತಂದರು. 1912ರಲ್ಲಿ ಬಂದ .375 ಎಚ್ ಆ್ಯಂಡ್ ಎಚ್ ಮ್ಯಾಗ್ನಂ ಜಗತ್ತಿನಾದ್ಯಂತ ಹಬ್ಬಿತು. 1925ರಲ್ಲಿ ಅದೇ ಮನೆತನದ .300 ಎಚ್ ಆ್ಯಂಡ್ ಎಚ್ ಬಂತು.

ಆಗಿನ ಬ್ರಿಟಿಷ್ ತೋಟಾಗಳಲ್ಲಿ ಬಳಸುತ್ತಿದ್ದ ಮದ್ದು ಕಾರ್ಡೈಟ್. ಶ್ಯಾವಿಗೆ ಎಳೆಗಳಂತೆ ಉದ್ದುದ್ದ ಇರುತ್ತಿತ್ತು. ಬಿಸಿಲ ನಾಡಿನಲ್ಲಿ ಅದರ ಒತ್ತಡ ಏರುತ್ತಿತ್ತು. ಹೀಗಾಗಿ ಉಷ್ಣವಲಯದ ಬೇಟೆಗೆ ಮಾಡಿದ ಕೇಸು ಉದ್ದವಾಗಿ, ಮೊನೆಯ ಕಡೆಗೆ ಕಿರಿದಾಗುತ್ತಾ ಹೋಗಬೇಕಿತ್ತು. ಆಗ ಅದು ಸಲೀಸಾಗಿ ಒಳಗೆ ಹೋಗುತ್ತದೆ, ಒತ್ತಡ ಏರಿದರೂ ಸಲೀಸಾಗಿ ಹೊರಗೆ ಬರುತ್ತದೆ. ಆದರೆ ಇಂಥ ಕೇಸಿನ ಭುಜ ತೀರಾ ಇಳಿಜಾರು. ತಡೆದು ನಿಲ್ಲಿಸಲು ಅದನ್ನು ನಂಬುವಂತಿಲ್ಲ. ಅಂಚು ಇಡೋಣವೆಂದರೆ, ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ಕೂತ ತೋಟಾಗಳ ಅಂಚು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಎರಡೂ ಬೇಡ ಎಂದಾಗ ಹೊಳೆದ ಉಪಾಯವೇ ಬೆಲ್ಟ್. ಒಂದು ನಿರ್ದಿಷ್ಟ ಸಮಸ್ಯೆಗೆ ಹುಡುಕಿದ ಜಾಣ ಪರಿಹಾರ ಅದು.

ಮುಂದಿನ ಕಥೆ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ರಾಯ್ ವೆದರ್ಬಿ 1940ರ ದಶಕದಲ್ಲಿ .375ರ ಕೇಸನ್ನೇ ತಿದ್ದಿ ಅತಿವೇಗದ ತೋಟಾಗಳನ್ನು ಮಾಡಿದರು. ಬಳಿಕ ದೊಡ್ಡ ಕಂಪನಿಗಳು ಅದೇ ಹಾದಿ ಹಿಡಿದವು. 1956ರಲ್ಲಿ .458 ವಿಂಚೆಸ್ಟರ್ ಮ್ಯಾಗ್ನಂ, 1962ರಲ್ಲಿ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ, 1963ರಲ್ಲಿ .300 ವಿಂಚೆಸ್ಟರ್ ಮ್ಯಾಗ್ನಂ. ಇವುಗಳಲ್ಲಿ .458ರ ಕೇಸ್ ಬಹುತೇಕ ನೇರ ಕೊಳವೆ, ಭುಜವೇ ಇಲ್ಲ. ಅದಕ್ಕೆ ಬೆಲ್ಟ್ ನಿಜಕ್ಕೂ ಬೇಕು. ಉಳಿದ ಎರಡಕ್ಕೆ ಸ್ಪಷ್ಟವಾದ, ಚೂಪಾದ ಭುಜವಿದೆ. ಭುಜದ ಮೇಲೆ ನಿಲ್ಲಬಲ್ಲವು. ಆದರೂ ಬೆಲ್ಟ್ ಉಳಿಯಿತು. ಮೂಲ ಕೇಸಿನಲ್ಲಿ ಇತ್ತು, ಜೊತೆಗೆ ‘ಮ್ಯಾಗ್ನಂ ಎಂದರೆ ಬೆಲ್ಟ್’ ಎಂಬ ಗುರುತು ಗಿರಾಕಿಗಳ ಮನಸ್ಸಿನಲ್ಲಿ ಕೂತಿತ್ತು.

ನಂಬಿಕೆ ಬೆಳೆದದ್ದು ಹೀಗೆ. ಶಕ್ತಿಶಾಲಿ ತೋಟಾಗಳಲ್ಲಿ ಬೆಲ್ಟ್ ಕಾಣಿಸಿತು, ಹಾಗಾಗಿ ಬೆಲ್ಟೇ ಶಕ್ತಿಗೆ ಕಾರಣ ಎಂದು ಜನ ಅಂದುಕೊಂಡರು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕುವ ನಮ್ಮ ಹಳೆಯ ಅಭ್ಯಾಸವೇ ಇದು.

ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ಬೆಲ್ಟ್ ಇರುವ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ: ಗರಿಷ್ಠ 61,000 ಪಿಎಸ್‌ಐ.
ಬೆಲ್ಟ್ ಇರುವ .375 ಎಚ್ ಆ್ಯಂಡ್ ಎಚ್: 62,000 ಪಿಎಸ್‌ಐ.
ಬೆಲ್ಟ್ ಇರುವ .300 ವಿಂಚೆಸ್ಟರ್ ಮ್ಯಾಗ್ನಂ: 64,000 ಪಿಎಸ್‌ಐ.
ಬೆಲ್ಟ್ ಇಲ್ಲದ .270 ವಿಂಚೆಸ್ಟರ್: 65,000 ಪಿಎಸ್‌ಐ.

ಬೆಲ್ಟ್ ಇಲ್ಲದ, ಮ್ಯಾಗ್ನಂ ಎಂಬ ಹೆಸರೂ ಇಲ್ಲದ ಹಳೆಯ ತೋಟಾಗೇ ಇಲ್ಲಿ ಅತಿ ಹೆಚ್ಚಿನ ಮಿತಿ! ಬಲಕ್ಕೆ ಬೆಲ್ಟ್ ಬೇಕೆಂದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಮ್ಯಾಗ್ನಂಗಳಿಗೆ ಹೆಚ್ಚಿನ ಶಕ್ತಿ ಬರುವುದು ಮುಖ್ಯವಾಗಿ ಕೇಸ್ ದೊಡ್ಡದಿರುವುದರಿಂದ, ಅದರಲ್ಲಿ ಹೆಚ್ಚು ಮದ್ದು ಹಿಡಿಯುವುದರಿಂದ.

‘ಮ್ಯಾಗ್ನಂ’ ಎಂಬ ಪದವೂ ಬಂದೂಕಿನ ಲೋಕದಲ್ಲಿ ಹುಟ್ಟಿದ್ದಲ್ಲ. ಶಾಂಪೇನ್ ಮಾರುವವರು ಮಾಮೂಲಿ ಬಾಟಲಿಯ ಎರಡರಷ್ಟು ಹಿಡಿಯುವ ಒಂದೂವರೆ ಲೀಟರಿನ ಬಾಟಲಿಗೆ ಮ್ಯಾಗ್ನಂ ಎನ್ನುತ್ತಾರೆ. ಬಂದೂಕಿನವರು ಅದನ್ನು ‘ದೊಡ್ಡದು’ ಎಂಬ ಅರ್ಥದಲ್ಲಿ ಮಾರಾಟದ ಹೆಸರಾಗಿ ಬಳಸಿಕೊಂಡರು. 1935ರ .357 ಮ್ಯಾಗ್ನಂ ರಿವಾಲ್ವರ್ ತೋಟಾಗೆ ಬೆಲ್ಟ್ ಇಲ್ಲ. 1999ರ .300 ರೆಮಿಂಗ್ಟನ್ ಅಲ್ಟ್ರಾ ಮ್ಯಾಗ್ನಂ, 2001ರ .300 ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಂಗೂ ಇಲ್ಲ. 2022ರ 7 ಎಂಎಂ ಪಿಆರ್‌ಸಿ ಕೂಡ ಬೆಲ್ಟ್ ಇಲ್ಲದ ತೋಟಾ. ಬೆಲ್ಟ್ ಬಲ ಕೊಡುವಂತಿದ್ದರೆ ಹೊಸ ತೋಟಾ ರೂಪಿಸುವವರು ಅದನ್ನು ಒಂದೊಂದಾಗಿ ಕೈಬಿಡುತ್ತಿದ್ದರೇ?

ಮರುಬಳಕೆಯಲ್ಲಿ ಅಪಾಯ ಎಲ್ಲಿದೆ?

ಅಮೆರಿಕದಲ್ಲಿ ಸ್ವಂತ ಬಳಕೆಗೆ ಖಾಲಿ ಕೇಸನ್ನು ಮತ್ತೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರಾಟಕ್ಕೆ ತಯಾರಿಸುವವರಿಗೆ ಬೇಕು. ಹೊಸ ಮ್ಯಾಗ್ನಂ ತೋಟಾ ದುಬಾರಿ, ಅದರಲ್ಲಿ ಹಿತ್ತಾಳೆ ಕೇಸಿನ ಪಾಲೂ ದೊಡ್ಡದು. ಹಾಗಾಗಿ ಅಲ್ಲಿ ಇದು ದೊಡ್ಡ ಹವ್ಯಾಸ. ಬಳಸಿದ ಕೇಸ್ ಹಿಗ್ಗಿರುತ್ತದೆ. ಅದನ್ನು ‘ಡೈ’ ಎಂಬ ಉಕ್ಕಿನ ಅಚ್ಚಿನೊಳಗೆ ಪ್ರೆಸ್‌ನಿಂದ ಒತ್ತಿ ಮತ್ತೆ ಅಳತೆಗೆ ತರುತ್ತಾರೆ. ಬೆಲ್ಟ್ ತೋಟಾಗಳಲ್ಲಿ ಎಡವುವುದು ಈ ಹಂತದಲ್ಲಿ.

ಹಂತ ಹಂತವಾಗಿ ನೋಡೋಣ.

1. ತೋಟಾ ನಿಲ್ಲುವುದು ಬೆಲ್ಟ್ ಮೇಲೆ ಎಂದಾದ ಕಾರಣ, ಭುಜದ ಜಾಗ ಅಷ್ಟು ನಿಖರವಾಗಿರಬೇಕಿಲ್ಲ ಎಂಬ ಸಡಿಲ ತಯಾರಕರಿಗೆ ಸಿಗುತ್ತದೆ. ಚೇಂಬರ್ ತುಸು ಉದ್ದ, ಹೊಸ ಕೇಸಿನ ಭುಜ ತುಸು ಗಿಡ್ಡ. ಎಲ್ಲ ರೈಫಲ್‌ಗೂ ಹೊಂದಲಿ ಎಂಬ ಲೆಕ್ಕ.

2. ಮೊದಲ ಸಲ ಹಾರಿಸಿದಾಗ ಭುಜ ಆ ಖಾಲಿ ಜಾಗವನ್ನು ತುಂಬಲು ಮುಂದಕ್ಕೆ ಉಬ್ಬುತ್ತದೆ. ಕೆಲವು ರೈಫಲ್‌ಗಳಲ್ಲಿ ಇದು ಅರ್ಧ ಮಿಲಿಮೀಟರಿನ ಹತ್ತಿರ ಹೋಗುತ್ತದೆ. ಹೊಸ ಹಿತ್ತಾಳೆ ಇದನ್ನು ಒಮ್ಮೆ ತಾಳಿಕೊಳ್ಳುತ್ತದೆ.

3. ಈಗ ಮರುಬಳಸುವವರು ಡೈಯನ್ನು ಪೂರ್ತಿ ಕೆಳಗಿಳಿಸಿ ಕೇಸನ್ನು ಒತ್ತುತ್ತಾರೆ. ಮುಂದಕ್ಕೆ ಹೋಗಿದ್ದ ಭುಜ ಮತ್ತೆ ಹಿಂದಕ್ಕೆ, ಮೊದಲಿದ್ದ ಜಾಗಕ್ಕೆ ಬರುತ್ತದೆ. ‘ನಿಲ್ಲಿಸಲು ಬೆಲ್ಟ್ ಇದೆಯಲ್ಲ, ಭುಜ ಎಲ್ಲಿದ್ದರೇನು’ ಎಂಬ ಧೈರ್ಯ.

4. ಎರಡನೇ ಸಲ ಹಾರಿಸಿದಾಗ ಒತ್ತಡಕ್ಕೆ ಕೇಸಿನ ತೆಳು ಗೋಡೆ ಚೇಂಬರ್‌ಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ದಪ್ಪ ಬುಡ ಅಂಟುವುದಿಲ್ಲ, ಅದು ಹಿಂದಕ್ಕೆ ಬೋಲ್ಟ್ ಕಡೆ ತಳ್ಳಲ್ಪಡುತ್ತದೆ. ಅತ್ತ ಭುಜ ಮತ್ತೆ ಮುಂದಕ್ಕೆ. ಮುಂದೊಂದು ಕಡೆ, ಹಿಂದೊಂದು ಕಡೆ ಎಳೆದಾಗ ನಡುವೆ ಎಲ್ಲೋ ಲೋಹ ಹಿಗ್ಗಲೇಬೇಕು. ಅದು ಹಿಗ್ಗುವುದು ದಪ್ಪ ಬುಡ ಮುಗಿದು ತೆಳು ಗೋಡೆ ಶುರುವಾಗುವ ಜಾಗದಲ್ಲಿ, ಅಂದರೆ ಬೆಲ್ಟ್‌ನ ಸ್ವಲ್ಪ ಮುಂದೆ.

5. ಪ್ರತಿ ಸುತ್ತಿನಲ್ಲೂ ಇದೇ ಪುನರಾವರ್ತನೆ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ತುಂಡಾಗುವುದಿಲ್ಲವೇ? ಹಾಗೆಯೇ ಗೋಡೆ ಒಳಗಿನಿಂದ ಉಂಗುರದಂತೆ ಸವೆದು, ಕೆಲವೇ ಸುತ್ತುಗಳಲ್ಲಿ ಕೇಸ್ ಎರಡಾಗಿ ಬೇರ್ಪಡುತ್ತದೆ. ಬುಡ ಬೋಲ್ಟ್ ಜೊತೆ ಹೊರಬರುತ್ತದೆ, ಉಳಿದ ಕೊಳವೆ ಚೇಂಬರ್‌ನಲ್ಲೇ ಸಿಕ್ಕಿಕೊಳ್ಳುತ್ತದೆ.

ಆಧುನಿಕ ರೈಫಲ್‌ಗಳಲ್ಲಿ ಸೋರಿದ ಅನಿಲ ಬದಿಗೆ ಹೋಗಲು ರಂಧ್ರಗಳಿರುತ್ತವೆ. ಆದರೂ ಸ್ವಲ್ಪ ಅನಿಲ, ಹಿತ್ತಾಳೆಯ ಚೂರು ಹಿಂದಕ್ಕೆ ಬರುವ ಸಾಧ್ಯತೆ ಇದೆ. ಗುರಿ ಇಡುವಾಗ ಕಣ್ಣು ಇರುವುದು ಅದರ ಹಿಂದೆಯೇ. ಕಣ್ಣಿಗೆ ರಕ್ಷಣಾ ಕನ್ನಡಕವಿಲ್ಲದೆ ಯಾರೂ ಹಾರಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನೋಡಿ, ಎಂಥ ವಿಪರ್ಯಾಸ! ಬಲ ಕೊಡುತ್ತದೆ ಎಂದು ನಂಬಿದ ಬೆಲ್ಟ್‌ನ ಪಕ್ಕದಲ್ಲೇ ಕೇಸ್ ಮುರಿಯುತ್ತದೆ. ಬೆಲ್ಟ್ ತಾನಾಗಿ ಮುರಿಯಲು ಕಾರಣವಲ್ಲ. ಅದನ್ನು ನಂಬಿ ಭುಜವನ್ನು ಮರೆತದ್ದು ಕಾರಣ.

ಎರಡನೇ ಎಡವಟ್ಟು: ತಪ್ಪು ರೋಗಕ್ಕೆ ತಪ್ಪು ಮದ್ದು

ಬೆಲ್ಟ್ ತೋಟಾಗಳಲ್ಲಿ ಇನ್ನೊಂದು ತೊಂದರೆ ಇದೆ, ಇದರ ಬಗ್ಗೆ ಮಾತು ಕಡಿಮೆ. ಡೈ ಕೆಳಗಿಳಿದರೂ ಬೆಲ್ಟ್‌ವರೆಗೆ ಪೂರ್ತಿ ಬರುವುದಿಲ್ಲ. ಡೈಯ ಬಾಯಿ ಸ್ವಲ್ಪ ಅಗಲವಾಗಿರುತ್ತದೆ, ಕೆಳಗೆ ಕೇಸನ್ನು ಹಿಡಿದಿರುವ ಶೆಲ್ ಹೋಲ್ಡರ್ ಅಡ್ಡ ಬರುತ್ತದೆ. ಹಾಗಾಗಿ ಬೆಲ್ಟ್‌ನ ಮೇಲಿನ ಒಂದು ಕಿರುಪಟ್ಟಿ ಅಚ್ಚಿಗೆ ಸಿಗದೆ ಹಾಗೇ ಉಳಿಯುತ್ತದೆ. ಪ್ರತಿ ಸಲ ಹಾರಿಸಿದಾಗಲೂ ಆ ಜಾಗ ತುಸು ತುಸು ಉಬ್ಬುತ್ತದೆ. ಕೆಲವು ಸುತ್ತಿನ ಬಳಿಕ ಆ ಉಬ್ಬು ಚೇಂಬರ್‌ನ ಗೋಡೆಗೆ ತಾಗಿ, ಬೋಲ್ಟ್ ಮುಚ್ಚುವುದು ಬಿಗಿಯಾಗುತ್ತದೆ.

ಬಹಳಷ್ಟು ಜನ ತಪ್ಪು ತೀರ್ಮಾನಕ್ಕೆ ಬರುವುದು ಇಲ್ಲಿಯೇ. ‘ಬೋಲ್ಟ್ ಬಿಗಿ, ಅಂದರೆ ಕೇಸ್ ಉದ್ದವಾಗಿದೆ, ಭುಜವನ್ನು ಇನ್ನಷ್ಟು ಹಿಂದಕ್ಕೆ ತಳ್ಳಬೇಕು’ ಎಂದು ಡೈಯನ್ನು ಇನ್ನೂ ಕೆಳಗಿಳಿಸುತ್ತಾರೆ. ಬಿಗಿತ ಹೋಗುವುದಿಲ್ಲ, ಯಾಕೆಂದರೆ ಅದು ಭುಜದಿಂದ ಬಂದದ್ದಲ್ಲ. ಆದರೆ ಭುಜ ಮಾತ್ರ ಅಗತ್ಯಕ್ಕಿಂತ ಹಿಂದಕ್ಕೆ ಹೋಗಿ, ಮೇಲೆ ಹೇಳಿದ ಹಿಗ್ಗುವಿಕೆ ಇನ್ನೂ ಜೋರಾಗುತ್ತದೆ. ತಲೆನೋವಿಗೆ ಹೊಟ್ಟೆಯ ಮಾತ್ರೆ ನುಂಗಿ, ಹೊಟ್ಟೆಯನ್ನೂ ಕೆಡಿಸಿಕೊಂಡ ಹಾಗೆ.

ನಿಜವಾದ ಕಾರಣ ತಿಳಿಯಲು ಸುಲಭ ದಾರಿ ಅಳತೆ. ಬೆಲ್ಟ್‌ನ ಸ್ವಲ್ಪ ಮುಂದಿನ ಭಾಗದ ವ್ಯಾಸವನ್ನು ಹೊಸ ಕೇಸಿನಲ್ಲೂ ಬಳಸಿದ ಕೇಸಿನಲ್ಲೂ ಮೈಕ್ರೋಮೀಟರ್‌ನಿಂದ ಅಳೆದು ಹೋಲಿಸಿದರೆ ಉಬ್ಬು ಕಾಣುತ್ತದೆ. ಆ ಜಾಗವನ್ನು ಮಾತ್ರ ಸುತ್ತಲೂ ಹಿಡಿದು ಅಮುಕುವ ವಿಶೇಷ ‘ಕೊಲೆಟ್’ ಡೈಗಳು ಬಂದಿರುವುದು ಇದೇ ಕಾರಣಕ್ಕೆ. ಅದಿಲ್ಲದಿದ್ದರೆ ಆ ಕೇಸನ್ನು ಎಸೆಯುವುದೇ ಕ್ಷೇಮ.

ಬಲ್ಲವರು ಏನು ಮಾಡುತ್ತಾರೆ?

ಅನುಭವಿಗಳ ಕ್ರಮ ಒಂದೇ ಸಾಲಿನದು. ಮೊದಲ ಸಲ ಹಾರಿಸಿದ ಮೇಲೆ ಬೆಲ್ಟನ್ನು ಮರೆತುಬಿಡು, ಭುಜವನ್ನು ನೋಡು.

ಹಾರಿಸಿದ ಕೇಸಿನ ಭುಜ ಆ ರೈಫಲ್‌ನ ಚೇಂಬರಿಗೆ ತಕ್ಕಂತೆ ಕೂತಿರುತ್ತದೆ. ಕ್ಯಾಲಿಪರ್‌ಗೆ ಜೋಡಿಸುವ ‘ಕಂಪ್ಯಾರೇಟರ್’ ಎಂಬ ಸಾಧನದಿಂದ ಬುಡದಿಂದ ಭುಜದವರೆಗಿನ ಉದ್ದ ಅಳೆಯುತ್ತಾರೆ. ಆಮೇಲೆ ಡೈಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ, ಭುಜ ಒಂದು ಇಂಚಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಮಾತ್ರ ಹಿಂದಕ್ಕೆ ಹೋಗುವಂತೆ ನಿಲ್ಲಿಸುತ್ತಾರೆ. ಅಂದರೆ 0.025ರಿಂದ 0.05 ಮಿಲಿಮೀಟರ್. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬೋಲ್ಟ್ ಸಲೀಸಾಗಿ ಮುಚ್ಚಲು ಇಷ್ಟು ಸಾಕು, ಕೇಸ್ ಹಿಗ್ಗಲು ಜಾಗವೇ ಉಳಿಯುವುದಿಲ್ಲ. ಬೆಲ್ಟ್ ತೋಟಾ ಈಗ .30-06ರಂತೆ ಭುಜದ ಮೇಲೆ ನಿಲ್ಲುತ್ತದೆ.

ಇದಕ್ಕೊಂದು ಷರತ್ತಿದೆ. ಹೀಗೆ ಹೊಂದಿಸಿದ ಕೇಸ್ ಆ ಒಂದು ರೈಫಲ್‌ಗೆ ಮಾತ್ರ. ಗೆಳೆಯನ ರೈಫಲ್‌ನ ಚೇಂಬರ್ ಬೇರೆ ಅಳತೆಯದು.

ಪ್ರತಿ ಸುತ್ತಿಗೂ ಮುನ್ನ ಕೇಸಿನ ಒಳಗೋಡೆಯನ್ನು ಪರೀಕ್ಷಿಸುವುದು ಎರಡನೇ ಕ್ರಮ. ತುದಿ ಬಾಗಿಸಿ ಚೂಪು ಮಾಡಿದ ಪೇಪರ್ ಕ್ಲಿಪ್ ತಂತಿಯನ್ನು ಒಳಗೆ ಬಿಟ್ಟು, ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ. ಬುಡದ ಹತ್ತಿರ ತಂತಿ ಒಂದು ತಗ್ಗಿಗೆ ಸಿಕ್ಕಿ ತಡವರಿಸಿದರೆ ಗೋಡೆ ಸವೆದಿದೆ ಎಂದೇ ಅರ್ಥ. ಹೊರಗೆ ಅದೇ ಜಾಗದಲ್ಲಿ ಹೊಳೆಯುವ ತೆಳು ಗೆರೆಯೂ ಕಾಣಬಹುದು. ಡೈ ಉಜ್ಜಿದ ಗುರುತೂ ಹೀಗೇ ಹೊಳೆಯುತ್ತದೆ, ಹಾಗಾಗಿ ಕಣ್ಣಿಗಿಂತ ತಂತಿಯ ಸಾಕ್ಷಿಗೆ ಹೆಚ್ಚು ಬೆಲೆ. ಒಂದು ಕೇಸಿನಲ್ಲಿ ತಗ್ಗು ಸಿಕ್ಕರೆ, ಅದರ ಜೊತೆಗೇ ಅಷ್ಟೇ ಸಲ ಬಳಸಿದ ಉಳಿದ ಕೇಸುಗಳ ಮೇಲೂ ಅನುಮಾನ ಪಡಬೇಕು.

ಹಿತ್ತಾಳೆಯ ಸುತ್ತ ಇನ್ನೆರಡು ನಂಬಿಕೆ

‘ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಕೇಸ್ ಫಳಫಳ ಹೊಳೆಯುತ್ತದೆ.’ ಹೊಳೆಯಬಹುದು, ಆದರೆ ಬಿರುಕೂ ಬಿಡಬಹುದು. ಇದಕ್ಕೆ ಭಾರತದ್ದೇ ಉದಾಹರಣೆ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಸುಮ್ಮನೆ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆ ಮೂತ್ರದಿಂದ ಬಂದ ಅಮೋನಿಯಾ, ತೇವ, ಮತ್ತು ಅಚ್ಚಿನಲ್ಲಿ ಒತ್ತಿದಾಗ ಹಿತ್ತಾಳೆಯೊಳಗೆ ಉಳಿದ ಸೆಳೆತ ಸೇರಿ ಹೀಗಾಗುತ್ತಿತ್ತು ಎಂಬುದು 1921ರಲ್ಲಿ ಸ್ಪಷ್ಟವಾಯಿತು. ಮಳೆಗಾಲದಲ್ಲಿ ಕಾಣುತ್ತಿದ್ದರಿಂದ ಇದಕ್ಕೆ ‘ಋತು ಬಿರುಕು’ ಎಂಬ ಅರ್ಥದ ಹೆಸರೇ ಬಿತ್ತು. ತೋಟಾದ ಹಿತ್ತಾಳೆ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಈ ಮಿಶ್ರಲೋಹಕ್ಕೆ ಅಮೋನಿಯಾ ಆಗದು.

‘ಗಡುಸಾದ ಕೇಸನ್ನು ಪೂರ್ತಿ ಕಾಯಿಸಿದರೆ ಮತ್ತೆ ಹೊಸದರಂತಾಗುತ್ತದೆ.’ ಅರ್ಧ ನಿಜ, ಅಪಾಯಕಾರಿ ಅರ್ಧ. ಬಡಿದು ಬಡಿದು ಗಡುಸಾದ ಹಿತ್ತಾಳೆಯನ್ನು ಕಾಯಿಸಿದರೆ ಮೆತ್ತಗಾಗುತ್ತದೆ ಎಂಬುದು ಪಾತ್ರೆ ಮಾಡುವ ಕಂಚುಗಾರರಿಗೂ ಗೊತ್ತು. ತೋಟಾದಲ್ಲಿ ಕತ್ತು ಮತ್ತು ಭುಜವನ್ನು ಮಾತ್ರ ಹೀಗೆ ಹದ ಮಾಡುತ್ತಾರೆ. ಬುಡ ಗಡುಸಾಗಿಯೇ ಇರಬೇಕು. ಬುಡವನ್ನೂ ಕಾಯಿಸಿ ಮೆತ್ತಗೆ ಮಾಡಿದರೆ, ಅಷ್ಟು ಒತ್ತಡಕ್ಕೆ ಅದು ಹಿಗ್ಗಿ ಒಡೆಯಬಹುದು. ಯಾವ ಬೆಲ್ಟ್ ಕೂಡ ಆಗ ಕಾಯುವುದಿಲ್ಲ.

ಇದೆಲ್ಲ ನಮಗೆ ಯಾಕೆ ಬೇಕು?

ಕರ್ನಾಟಕದಲ್ಲಿ ಬೆಲ್ಟ್ ಇರುವ ಮ್ಯಾಗ್ನಂ ರೈಫಲ್ ಕಾಣಸಿಗುವುದು ಅಪರೂಪ. ಆದರೆ ವಿಡಿಯೋಗೆ ಗಡಿ ಇಲ್ಲ, ಕಾನೂನಿಗೆ ಇದೆ. ಅಮೆರಿಕದಲ್ಲಿ ಗ್ಯಾರೇಜಿನಲ್ಲಿ ಮಾಡುವ ಹವ್ಯಾಸ ಇಲ್ಲಿ ಅಪರಾಧವಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಶಿಕ್ಷೆ ಜೈಲು. ಕಾಯ್ದೆಯಲ್ಲಿ ‘ಮದ್ದುಗುಂಡು’ ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ.

ಕೋವಿ ಲೈಸೆನ್ಸ್ ಇದ್ದರೆ ತೋಟಾ ತಯಾರಿಸಲೂ ಅನುಮತಿ ಸಿಕ್ಕಂತೆ ಎಂದು ಭಾವಿಸುವುದೂ ತಪ್ಪು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವ, ಒಯ್ಯುವ ಲೈಸೆನ್ಸಿಗೆ ಸಂಬಂಧಿಸಿದ್ದು. ತಯಾರಿಕೆ ಬೇರೆಯೇ ವಿಷಯ.

ವಿದೇಶದಲ್ಲಿರುವ ಕನ್ನಡಿಗರು ಇನ್ನೊಂದು ಸಂಗತಿ ಗಮನಿಸಬೇಕು. ಅಮೆರಿಕದ ಶೂಟಿಂಗ್ ರೇಂಜ್‌ಗೆ ಹೋಗಿ, ನೆನಪಿಗೆಂದು ಒಂದು ಖಾಲಿ ಕೇಸ್ ಎತ್ತಿಕೊಂಡು, ಕೀ ಚೈನ್ ಮಾಡಿಸಿಕೊಂಡು ಬ್ಯಾಗಿನಲ್ಲಿ ಹಾಕಿ ಊರಿಗೆ ಬರುವವರಿದ್ದಾರೆ. ಇತರ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಚಿಕ್ಕಪುಟ್ಟ ಬಿಡಿಭಾಗಗಳಿಗೆ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ವಸ್ತು ತನ್ನ ಬಳಿ ಇದೆ ಎಂಬ ಅರಿವಿದ್ದರೆ ಮಾತ್ರ ಅಪರಾಧ ಎಂದೂ ನ್ಯಾಯಾಲಯಗಳು ಹೇಳಿವೆ. ಆದರೆ ವಿಮಾನ ನಿಲ್ದಾಣದ ಸ್ಕ್ಯಾನರ್ ಮುಂದೆ ಇದನ್ನು ವಿವರಿಸಿ ಒಪ್ಪಿಸುವುದು ಸುಲಭವಲ್ಲ. ವಿಮಾನ ತಪ್ಪುವುದು, ಠಾಣೆ, ವಕೀಲರು ಎಂದು ಅಲೆಯುವುದಕ್ಕಿಂತ ಆ ಕೇಸನ್ನು ಅಲ್ಲೇ ಬಿಟ್ಟು ಬರುವುದು ಜಾಣತನ. ನಿಮ್ಮ ಮನೆಯಿಂದ ಯಾರಾದರೂ ವಿದೇಶದಲ್ಲಿದ್ದರೆ ಈ ಒಂದು ಪ್ಯಾರಾವನ್ನಾದರೂ ಅವರಿಗೆ ಕಳಿಸಿ.

ಫಾರ್ವರ್ಡ್ ಮಾಡುವ ಮುನ್ನ

ಬೆಲ್ಟ್‌ನ ಕಥೆಯಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಒಂದು ಕಾಲದ ನಿಜವಾದ ಪರಿಹಾರ, ಅದು ಹುಟ್ಟಿದ ಕಾರಣ ಮರೆತುಹೋದ ಮೇಲೂ ಗುರುತಾಗಿ ಉಳಿಯಿತು. ಗುರುತು ಜಾಹೀರಾತಾಯಿತು, ಜಾಹೀರಾತು ನಂಬಿಕೆಯಾಯಿತು. ನಮ್ಮ ಫೋನಿಗೆ ಬರುವ ಎಷ್ಟೋ ‘ತಾಂತ್ರಿಕ ಸತ್ಯ’ಗಳ ಬೆಳವಣಿಗೆ ಹೀಗೆಯೇ ಇರುತ್ತದೆ. ಹಾಗಾಗಿ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ.

• ಈ ಭಾಗವನ್ನು ಮೊದಲು ಯಾವ ಕೆಲಸಕ್ಕೆ ಇಟ್ಟರು? (ಬೆಲ್ಟ್: ತಡೆದು ನಿಲ್ಲಿಸಲು.)

• ಅದು ಇಲ್ಲದೆಯೂ ಅದೇ ಫಲ ಸಿಗುತ್ತಿದೆಯೇ? (.270 ವಿಂಚೆಸ್ಟರ್: ಹೌದು.)

• ಇದನ್ನು ನಂಬಿ ಯಾರಾದರೂ ಕೆಲಸ ಮಾಡಿದರೆ ತೊಂದರೆ ಯಾರಿಗೆ? (ರೈಫಲ್ ಹಿಂದೆ ಕಣ್ಣಿಟ್ಟವರಿಗೆ.)

ತೀರ್ಪು: ‘ಬೆಲ್ಟ್ ಇರುವ ಮ್ಯಾಗ್ನಂ ಕೇಸ್ ಹೆಚ್ಚು ಗಟ್ಟಿ, ಎಷ್ಟು ಸಲ ಬೇಕಾದರೂ ತುಂಬಬಹುದು’ ಎಂಬ ಹೇಳಿಕೆ ತಪ್ಪು. ಬೆಲ್ಟ್ ಬಲ ಕೊಡುವುದಿಲ್ಲ, ಜಾಗ ತೋರಿಸುತ್ತದೆ. ಮರುಬಳಕೆಯಲ್ಲಿ ಕೇಸನ್ನು ಉಳಿಸುವುದು ಭುಜದ ನಿಖರ ಅಳತೆ. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ.